ಟ್ಯಾಂಕ್ ಸ್ಟಾಪಿನ ಸೊನ್ನೆ

ಫೆಬ್ರವರಿ 3

ತಮ್ಮಾ,

ಫೋನು ಮಾಡಬಹುದಿತ್ತು. ಮಾಡಿದರೆ ನೀನು ಕಂಪ್ಯೂಟರ್ ಕುಟ್ಟುತ್ತಾ ‘ಹೂಂ ಅಕ್ಕಾ, ಹೂಂ ಅಕ್ಕಾ’ ಅನ್ನುತ್ತೀಯ, ಗೋಡೆಗೆ ಹೇಳಿಕೊಂಡ ಹಾಗಾಗುತ್ತದೆ. ಕಾಗದವಾದರೆ ಓದಲೇಬೇಕು.

ಡಿಪೋದ ನೋಟೀಸ್ ಬೋರ್ಡಿನ ಕೆಳಗೆ ಮೇಜು ಹಾಕಿ, ಅದರ ಮೇಲೆ ದಪ್ಪನೆಯ ಪುಸ್ತಕವೊಂದನ್ನು ದಾರದಲ್ಲಿ ಕಟ್ಟಿಟ್ಟಿದ್ದಾರೆ. ನಮ್ಮ ಊರಿನ ಮುಂದಿನ ಇಪ್ಪತ್ತೈದು ವರ್ಷದ ಸಾರಿಗೆ ಯೋಜನೆಯಂತೆ, ಕರಡು ಪ್ರತಿಯಂತೆ. ಅದನ್ನು ಯಾರು ಕದಿಯುತ್ತಾರೆ ಅಂತ ದಾರ ಕಟ್ಟಿದರೋ ಕಾಣೆ. ಪಾಳಿ ಮುಗಿಸಿ ಟೀ ಕುಡಿಯುತ್ತಾ ನನ್ನ ಹದಿನೇಳನೇ ನಂಬರಿನ ಪುಟ ಹುಡುಕಿದೆ. ನಕ್ಷೆಯಲ್ಲಿ ನಮ್ಮ ಬಸ್ಸು ಆಸ್ಪತ್ರೆಯಿಂದ ಹೊರಟು, ಮಾರುಕಟ್ಟೆ ದಾಟಿ, ಕ್ವಾರಿ ತಿರುವಿಗೆ ಬಂದು ಅಲ್ಲೇ ನಿಂತುಬಿಟ್ಟಿದೆ. ಅಲ್ಲಿಂದ ನೀರಿನ ಟ್ಯಾಂಕಿನವರೆಗಿನ ಎರಡು ಕಿಲೋಮೀಟರು ಏರು ಬರೀ ಬಿಳಿ ಕಾಗದ. ಪಕ್ಕದ ಪಟ್ಟಿಯಲ್ಲಿ ಬರೆದಿದ್ದಾರೆ: ‘ಟ್ಯಾಂಕ್ ಸ್ಟಾಪ್. ದಿನಕ್ಕೆ ಹತ್ತುವವರು: 0.’

ಸೊನ್ನೆಯಂತೆ! ನಾನೂ ನೀನೂ ಹುಟ್ಟಿ ಬೆಳೆದ ಗುಡ್ಡ ಕಣೋ ಅದು. ಈ ಬಸ್ಸಿನ ಬಾನೆಟ್ ಮೇಲೆ ಕೂತು ನೀನು ಮಗ್ಗಿ ಉರು ಹೊಡೆದದ್ದು, ಇಂಜಿನ್ ಬಿಸಿಗೆ ಚಡ್ಡಿ ಸುಟ್ಟುಕೊಂಡದ್ದು ಎಲ್ಲ ಮರೆತೆಯಾ? ಈಗಲೂ ಬೆಳಿಗ್ಗೆ ಐದೂ ಹತ್ತರ ಬಸ್ಸಿನಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವವರು, ನೆಲ ಒರೆಸುವವರು, ಅಡುಗೆಮನೆಯವರು, ಎಲ್ಲರೂ ಟ್ಯಾಂಕಿನಲ್ಲೇ ಹತ್ತುವುದು. ಎಳ್ಳು ಹಾಕಿದರೆ ಕೆಳಗೆ ಬೀಳುವುದಿಲ್ಲ.

ನೀನು ಅದೇ ಯೋಜನಾ ಕಚೇರಿಯ ಸೇತುವೆ ವಿಭಾಗದಲ್ಲಿ ಕೂರುತ್ತೀಯಲ್ಲ. ಈ ಪುಟ ಇರುವ ಏಳನೇ ಅಧ್ಯಾಯ ಬರೆದ ಮಹಾನುಭಾವ ಯಾರು ಅಂತ ಸ್ವಲ್ಪ ವಿಚಾರಿಸು. ಒಂದು ದಿನ ಅವನನ್ನು ನಮ್ಮ ಮೊದಲ ಬಸ್ಸು ಹತ್ತಿಸು. ಒಂಟಿಕಾಲಿಗೆ ಜಾಗ ಸಿಕ್ಕರೆ ಅವನ ಪುಣ್ಯ. ಅಕ್ಟೋಬರಿನಲ್ಲಿ ನಾನು ನಿವೃತ್ತಿ. ನಾನು ಚೀಲ ಕೆಳಗಿಡುವ ಮೊದಲು ನನ್ನ ಬಸ್ಸೇ ಹೋದರೆ ಹೇಗೆ?

ನಿನ್ನ ಅಕ್ಕ


ಫೆಬ್ರವರಿ 14

ಅಕ್ಕಾ,

ನಿನ್ನ ಕಾಗದ ಓದಿದೆ. ಕಂಪ್ಯೂಟರ್ ಆರಿಸಿಯೇ ಓದಿದೆ.

ಅಲ್ಲಿ ಕೂತವರು ದಡ್ಡರಲ್ಲ, ಮನಸ್ಸಿಲ್ಲದವರೂ ಅಲ್ಲ. ಇಂಥ ಪುಸ್ತಕದಲ್ಲಿ ಊರಿನ ಆಸೆಗಳನ್ನೆಲ್ಲ ಬರೆಯುವಂತಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂದು ಕಾನೂನೇ ಇದೆ. ಇಪ್ಪತ್ತೈದು ವರ್ಷದಲ್ಲಿ ಟಿಕೆಟ್ಟಿನಿಂದ ಎಷ್ಟು, ಇಂಧನ ತೆರಿಗೆಯಿಂದ ಎಷ್ಟು, ಕೇಂದ್ರ ಸರ್ಕಾರದಿಂದ ಎಷ್ಟು, ಸಾಲವಾಗಿ ಎಷ್ಟು ಬರಬಹುದೆಂದು ಮೊದಲು ಅಂದಾಜು ಮಾಡಲಾಗುತ್ತದೆ. ಆಮೇಲೆ ಆಗಬೇಕಾದ ಕೆಲಸಗಳನ್ನು, ಯಾವುದರಿಂದ ಹೆಚ್ಚು ಜನಕ್ಕೆ ಉಪಯೋಗವೋ ಆ ಕ್ರಮದಲ್ಲಿ, ಮೇಲಿನಿಂದ ಕೆಳಕ್ಕೆ ಜೋಡಿಸಲಾಗುತ್ತದೆ. ಹಣ ಎಲ್ಲಿ ಮುಗಿಯುತ್ತದೋ ಅಲ್ಲೊಂದು ಗೆರೆ. ಗೆರೆಯ ಮೇಲಿನದು ಆಗುತ್ತದೆ. ಕೆಳಗಿನದರ ಮುಂದೆ ‘ಹಣ ಒದಗಿದರೆ’ ಎಂದು ಬರೆಯುತ್ತಾರೆ. ಪುಸ್ತಕದಲ್ಲಿಲ್ಲದ ಕೆಲಸಕ್ಕೆ ಕೇಂದ್ರದಿಂದ ಬಿಡಿಗಾಸೂ ಬರುವುದಿಲ್ಲ.

ಮುಂದೆ ಬರುವ ವಿದ್ಯುತ್ ಬಸ್ಸುಗಳು ಈಗಿನದಕ್ಕಿಂತ ಬಹಳ ಭಾರ. ಟ್ಯಾಂಕ್ ಏರಿಗೆ ಅವು ಹತ್ತಬೇಕಾದರೆ ರಸ್ತೆಯ ಬದಿಗೆ ಉದ್ದಕ್ಕೂ ತಡೆಗೋಡೆ ಕಟ್ಟಬೇಕು. ಹತ್ತುವವರು ಸೊನ್ನೆ ಎಂದಿರುವಾಗ ಅದಕ್ಕೆ ಹಣ ಕೇಳುವುದು ಕಷ್ಟ. ನಾನು ಆ ಕಡೆ ಬಂದು ಒಂಬತ್ತು ವರ್ಷವಾಯಿತು. ಜನ ಕೆಳಗಿಳಿದು ತಿರುವಿನ ಹತ್ತಿರ ಮನೆ ಮಾಡಿರಬಹುದಲ್ಲವೇ? ತಿರುವಿನ ಸ್ಟಾಪಿನ ಸಂಖ್ಯೆ ಚೆನ್ನಾಗಿ ಏರಿದೆ.

ಆಕ್ಷೇಪಣೆ ಬರೆದುಕೊಡಲು ಏಪ್ರಿಲ್ ಹತ್ತರವರೆಗೆ ಸಮಯವಿದೆ. ಜೂನಿನಲ್ಲಿ ಯೋಜನೆಗೆ ಒಪ್ಪಿಗೆ ಸಿಗುತ್ತದೆ. ಆಮೇಲೆ ಐದು ವರ್ಷ ಯಾರೂ ಮುಟ್ಟುವಂತಿಲ್ಲ. ಮಂಡಿನೋವು ಹೇಗಿದೆ? ನಿಂತೇ ಇರಬೇಡ, ನಡುನಡುವೆ ಕೂತುಕೋ.

ನಿನ್ನ ತಮ್ಮ


ಫೆಬ್ರವರಿ 26

ತಮ್ಮಾ,

ಕಂಡಕ್ಟರಿಗೆ ಕೂತುಕೋ ಅನ್ನುವುದು ಮೀನಿಗೆ ಒಣಗಿಕೋ ಅಂದ ಹಾಗೆ. ಇರಲಿ.

‘ಜೋಡಿಸಲಾಗುತ್ತದೆ’, ‘ಅಂದಾಜು ಮಾಡಲಾಗುತ್ತದೆ’. ಯಾರಪ್ಪಾ ಜೋಡಿಸುವವರು? ಕೈಕಾಲು ಇರುವ ಮನುಷ್ಯರೇ ತಾನೇ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುವುದನ್ನು ಎಲ್ಲಿ ಕಲಿತೆ? ದೊಡ್ಡ ಕಚೇರಿ ಸೇರಿದ ಮೇಲೆ ಗುಡ್ಡದವರ ವಿಷಯಕ್ಕೆ ನಿನಗೆ ಅಸಡ್ಡೆ ಬಂದಿದೆ ಅಂತಲೇ ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಹೇಳಿದ್ದೇನೆ, ಹೊಟ್ಟೆಗೆ ಹಾಕಿಕೋ.

ಮೊನ್ನೆ ಜನರ ಅಭಿಪ್ರಾಯ ಕೇಳುವ ಸಭೆಯಿತ್ತು. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ದುಡಿಯುವವರು ಯಾರು ಬರುತ್ತಾರೆ ಆ ಹೊತ್ತಿಗೆ? ರಜೆ ಹಾಕಿ ಹೋದೆ. ಗೋಡೆಗೆಲ್ಲ ನಕ್ಷೆ, ಒಳ್ಳೆಯ ಕುರ್ಚಿ, ಬಿಸ್ಕತ್ತು. ಒಬ್ಬ ಅಧಿಕಾರಿಣಿ, ಪಾಪ ಎಳೆಯ ಹುಡುಗಿ, ಎಲ್ಲರಿಗೂ ಐದೈದು ಹಸಿರು ಚುಕ್ಕೆ ಕೊಟ್ಟಳು. ಏನು ಬೇಕೋ ಅದರ ಮೇಲೆ ಅಂಟಿಸಬೇಕಂತೆ. ನಾನು ಐದನ್ನೂ ಟ್ಯಾಂಕ್ ಸ್ಟಾಪಿನ ಮೇಲೆ ಒತ್ತಿದೆ. ನನ್ನ ಪಕ್ಕ ಬಿಸ್ಕತ್ತು ತಿನ್ನುತ್ತಿದ್ದ ಒಬ್ಬ ಯಜಮಾನರಿಂದ ಮೂರು ಇಸಿದುಕೊಂಡು ಅದನ್ನೂ ಒತ್ತಿದೆ. ಆ ಬಿಳಿ ಜಾಗಕ್ಕೆ ಒಂದು ಗಿಡ ಹುಟ್ಟಿದ ಹಾಗಾಯಿತು. ಹುಡುಗಿ ನಕ್ಕಳು. ಆದರೆ ಚುಕ್ಕೆಗಿಂತ ಲೆಕ್ಕಕ್ಕೇ ತೂಕ ಜಾಸ್ತಿ ಅಂತ ಮೆಲ್ಲಗೆ ಹೇಳಿದಳು.

ಬಸ್ಸಿನಲ್ಲಿ ಸುದ್ದಿ ಹರಡಿದೆ. ಆಸ್ಪತ್ರೆಯ ಬಟ್ಟೆಗೆ ಇಸ್ತ್ರಿ ಹಾಕುವ ಅಜ್ಜಿ ಇದ್ದಾಳಲ್ಲ, ನಿನಗೆ ಪೆನ್ಸಿಲ್ ಕೊಡಿಸುತ್ತಿದ್ದವಳು, ಅವಳು ಇವತ್ತು ಕೈ ಹಿಡಿದು ಕೇಳಿದಳು, “ನಾವೆಲ್ಲ ಸೊನ್ನೇನಾ ಕಂಡಕ್ಟರಮ್ಮ?” ನಾನು ಚಿಲ್ಲರೆ ಎಣಿಸುವ ನೆಪ ಮಾಡಿ ಮುಂದೆ ಹೋದೆ.

ಏಳನೇ ಅಧ್ಯಾಯ ಯಾರದು ಅಂತ ನೀನು ಹೇಳಲೇ ಇಲ್ಲ.

ಅಕ್ಕ


ಮಾರ್ಚ್ 7

ಅಕ್ಕಾ,

ಏಳನೇ ಅಧ್ಯಾಯ ನನ್ನದು.

ಸೇತುವೆ ವಿಭಾಗ ಬಿಟ್ಟು ಎರಡು ವರ್ಷವಾಯಿತು. ನಮ್ಮ ಊರಿನ ಯೋಜನೆಯೇ ಕೈಗೆ ಬಂದಾಗ ನಿನಗೆ ಹೇಳಬೇಕೆಂದು ಬಹಳ ಆಸೆಯಿತ್ತು. ಪುಸ್ತಕ ಮುಗಿಸಿ ಒಂದು ಪ್ರತಿ ಕೈಗಿಡೋಣ ಎಂದುಕೊಂಡೆ. ನಿನ್ನ ಮೊದಲ ಕಾಗದ ಬಂದ ಮೇಲೆ ಹೇಳುವ ಧೈರ್ಯ ಆಗಲಿಲ್ಲ.

ಈಗ ನಾನು ಕೇಳುವುದಕ್ಕೆ ನೇರವಾಗಿ ಉತ್ತರ ಕೊಡು. ಆ ಸೊನ್ನೆ ಯಾವ ಯಂತ್ರದಿಂದಲೂ ಬಂದದ್ದಲ್ಲ. ಹದಿನೇಳನೇ ನಂಬರಿನ ಕಂಡಕ್ಟರುಗಳು ಹನ್ನೊಂದು ತಿಂಗಳು ಬರೆದ ವೇಬಿಲ್ ಹಾಳೆಗಳನ್ನು ತರಿಸಿ, ಒಂದೊಂದು ಸ್ಟಾಪಿನಲ್ಲಿ ಎಷ್ಟು ಟಿಕೆಟ್ ಹರಿದಿದೆ ಎಂದು ನಾನೇ ಕೂಡಿಸಿದೆ. ಟ್ಯಾಂಕ್ ಸಾಲಿನಲ್ಲಿ ಒಂದೂ ಇಲ್ಲ. ತಿರುವಿನ ಸಾಲಿನಲ್ಲಿ ಎಲ್ಲವೂ.

ಯಾವುದೇ ಸ್ಟಾಪಿನಲ್ಲಿ ಸೊನ್ನೆ ಬಂದರೆ ಇಬ್ಬರನ್ನು ಮೂರು ದಿನ ಅಲ್ಲಿ ನಿಲ್ಲಿಸಿ ತಲೆ ಎಣಿಸಬೇಕು, ಅದು ನಮ್ಮ ನಿಯಮ. ಬೇರೆ ಹದಿನಾಲ್ಕು ಸ್ಟಾಪುಗಳಿಗೆ ಹಾಗೆಯೇ ಕಳಿಸಿದೆ. ಟ್ಯಾಂಕಿಗೆ ಮಾತ್ರ ‘ಎಣಿಕೆ ಬೇಕಿಲ್ಲ’ ಎಂದು ಬರೆದು ಸಹಿ ಹಾಕಿದೆ. ಯಾಕೆ ಗೊತ್ತೇ? ಆ ವೇಬಿಲ್ಲುಗಳಲ್ಲಿ ಅರ್ಧಕ್ಕರ್ಧ ನಿನ್ನ ಅಕ್ಷರದಲ್ಲಿದ್ದವು. ಮೂವತ್ತೊಂಬತ್ತು ವರ್ಷದಲ್ಲಿ ಒಂದು ಟಿಕೆಟ್ ಹೆಚ್ಚುಕಡಿಮೆ ಮಾಡದವಳು ನೀನು. ಅಕ್ಕ ಸೊನ್ನೆ ಎಂದು ಬರೆದಿದ್ದರೆ ಅದು ಸೊನ್ನೆಯೇ ಎಂದು ಕಣ್ಣು ಮುಚ್ಚಿ ನಂಬಿದೆ.

ಬಸ್ಸು ತುಂಬಿರುತ್ತದೆ ಎಂದು ನೀನೇ ಬರೆಯುತ್ತೀಯ. ಹಾಗಾದರೆ ಆ ಸೊನ್ನೆ ಯಾಕೆ ಬರೆದೆ?

ತಮ್ಮ


ಮಾರ್ಚ್ 30

ತಮ್ಮಾ,

ಮೂರು ವಾರದಿಂದ ನಿನಗೆ ಐದು ಕಾಗದ ಬರೆದು ಹರಿದೆ. ಮೊದಲ ದಿನ ಆ ಪುಸ್ತಕ ನೋಡಿದಾಗಲೇ ನನಗೆ ಗೊತ್ತಾಗಿತ್ತು, ಈ ಸೊನ್ನೆ ನನ್ನದೇ ಅಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು, ಅದನ್ನು ಮುಚ್ಚಿಕೊಳ್ಳಲು ನಾನು ಯೋಜನೆಯವರಿಗೆ ಬೈಯುತ್ತಾ ಕೂತೆ.

ಹನ್ನೆರಡು ವರ್ಷದ ಹಿಂದೆ ದರ ಬದಲಾಯಿಸಿದರು. ಆಗ ಒಂದು ಸ್ಟೇಜ್ ತಿರುವಿಗೆ ಮುಗಿಯುವ ಹಾಗೆ ಮಾಡಿದರು. ಟ್ಯಾಂಕಿನಲ್ಲಿ ಹತ್ತಿದರೆ ಎರಡು ಕಿಲೋಮೀಟರಿಗೆ ಇನ್ನೊಂದು ಸ್ಟೇಜಿನ ದುಡ್ಡು. ದಿನಕ್ಕೆ ಎರಡು ಸಲ, ತಿಂಗಳಿಗೆ ಇಪ್ಪತ್ತಾರು ದಿನ. ಜನ ಹತ್ತುವುದು ಬಿಟ್ಟು ಕತ್ತಲಲ್ಲಿ ತಿರುವಿನವರೆಗೆ ಇಳಿದು ಬರತೊಡಗಿದರು. ಬಸ್ಸು ಖಾಲಿಯಾಗಿ ಅವರ ಪಕ್ಕದಲ್ಲೇ ಇಳಿಯುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಅವರ ಮುಖ ನೋಡಬೇಕು. ಒಂದು ದಿನ ಇಸ್ತ್ರಿ ಅಜ್ಜಿ ಜಲ್ಲಿಯ ಮೇಲೆ ಜಾರಿ ಮುಂಗೈ ಮುರಿದುಕೊಂಡಳು. ಇಸ್ತ್ರಿ ಹಾಕುವವಳ ಬಲಗೈ. ಡ್ರೈವರಣ್ಣ ಬಸ್ಸು ನಿಲ್ಲಿಸಿದ, ಅವಳನ್ನು ಎತ್ತಿ ಕೂರಿಸಿದೆವು. ಮಾರನೇ ದಿನ ನಾನು ಟ್ಯಾಂಕಿನಲ್ಲಿ ಎಲ್ಲರಿಗೂ ಹೇಳಿದೆ, “ಸುಮ್ನೆ ಹತ್ತಿ. ತಿರುವಿಂದ ಟಿಕೆಟ್ ಕೊಡ್ತೀನಿ.”

ಅಂದಿನಿಂದ ಹಾಗೇ. ಎರಡನೇ ಪಾಳಿಯ ಕಂಡಕ್ಟರನೂ ನನ್ನ ಕೈಯಲ್ಲಿ ಕಲಿತವನು, ಅವನೂ ಹಾಗೇ. ಒಂದು ಕಾಸು ನನ್ನ ಜೇಬಿಗೆ ಹೋಗಿಲ್ಲ. ಆದರೆ ಸಂಸ್ಥೆಯ ಕಣ್ಣಿಗೆ ಮಣ್ಣೆರಚಿದ್ದು ನಿಜ. ಒಳ್ಳೆಯದು ಮಾಡುತ್ತಿದ್ದೇನೆ ಅಂತ ಬೀಗಿದೆ. ಆ ಜನರನ್ನೆಲ್ಲ ದಿನಕ್ಕೆ ಎರಡು ಸಲ ಕಾಗದದಿಂದ ಅಳಿಸುತ್ತಿದ್ದೇನೆ ಅಂತ ಹೊಳೆಯಲೇ ಇಲ್ಲ.

ನನಗೆ ಭಯವಾಗಿದೆ ಕಣೋ. ಇನ್ನು ಏಳು ತಿಂಗಳು. ಈಗ ಇದು ಹೊರಗೆ ಬಂದರೆ ವಿಚಾರಣೆ, ಅಮಾನತು. ಪಿಂಚಣಿ ನಿಂತರೆ ಈ ಮಂಡಿ ಇಟ್ಟುಕೊಂಡು ನಾನು ಯಾರ ಮನೆ ಬಾಗಿಲಿಗೆ ಹೋಗಲಿ? ನೀನು ಬರೆದ ಅಧ್ಯಾಯ ತಾನೇ, ಸದ್ದಿಲ್ಲದೆ ಸೊನ್ನೆ ಹೊಡೆದುಹಾಕಿ ಒಂದು ಮುನ್ನೂರು ಅಂತ ಬರೆಯಲು ಆಗುವುದಿಲ್ಲವಾ? ಅದು ಸುಳ್ಳೂ ಅಲ್ಲ.

ಅಕ್ಕ


ಏಪ್ರಿಲ್ 4

ಅಕ್ಕಾ,

ಬರೆಯಲು ಆಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಎರಡು ದಿನ ಆ ಪುಟ ತೆರೆದುಕೊಂಡು ಕೂತಿದ್ದೆ.

ಆದರೆ ಅಂದಾಜಿನ ಮುನ್ನೂರನ್ನು ಇಟ್ಟುಕೊಂಡು ಹಣ ಕೇಳಿದರೆ, ನಾಳೆ ಪ್ರತಿ ಊರಿನ ಪ್ರತಿ ದೊಡ್ಡ ಮನುಷ್ಯನೂ ತನ್ನ ರಸ್ತೆಗೆ ಒಂದು ಮುನ್ನೂರು ಕೇಳುತ್ತಾನೆ. ಗುಡ್ಡದವರಿಗೆ ಇರುವ ಬಲವೇ ಅವರು ನಿಜವಾಗಿ ಅಷ್ಟು ಜನ ಇದ್ದಾರೆ ಎಂಬುದು. ಅದನ್ನು ಎಣಿಸಿಯೇ ಹೇಳಬೇಕು.

ಎಣಿಸಲು ಜನ ಬಂದರೆ ವೇಬಿಲ್ಲಿಗೂ ತಲೆಗಳಿಗೂ ತಾಳೆಯಾಗುವುದಿಲ್ಲ. ಯಾಕೆಂದು ಕೇಳುತ್ತಾರೆ. ನಿನ್ನ ಹೆಸರು ಬಂದೇ ಬರುತ್ತದೆ. ಎಣಿಸದಿದ್ದರೆ ಬಸ್ಸು ಹೋಗುತ್ತದೆ. ಅಕ್ಟೋಬರಿನವರೆಗೆ ತಡೆಯುವುದು ನನ್ನ ಕೈಯಲ್ಲಿಲ್ಲ.

‘ನಿಯಮದಂತೆ ಎಣಿಕೆ ಮಾಡಿಸದೆ ತಪ್ಪು ಮಾಡಿದ್ದೇನೆ, ಎಣಿಕೆಗೆ ಅನುಮತಿ ಕೊಡಿ’ ಎಂದು ಮೇಲಧಿಕಾರಿಗೆ ಟಿಪ್ಪಣಿ ಬರೆದಿಟ್ಟಿದ್ದೇನೆ. ಇನ್ನೂ ಕೊಟ್ಟಿಲ್ಲ. ನೀನು ಹೂಂ ಅಂದರೆ ಕೊಡುತ್ತೇನೆ, ಬೇಡ ಅಂದರೆ ಹರಿಯುತ್ತೇನೆ. ನನ್ನ ಫೀಸು ಕಟ್ಟಲು ಹತ್ತೊಂಬತ್ತನೇ ವಯಸ್ಸಿಗೆ ಆ ಚೀಲ ಹೆಗಲಿಗೆ ಹಾಕಿಕೊಂಡವಳು ನೀನು. ನಿನ್ನನ್ನು ಕೇಳದೆ ನಾನು ಇದನ್ನು ಮಾಡಲಾರೆ. ಒಂಬತ್ತನೇ ತಾರೀಖಿನೊಳಗೆ ಫೋನು ಮಾಡು. ಖಂಡಿತ ‘ಹೂಂ ಹೂಂ’ ಅನ್ನುವುದಿಲ್ಲ.

ತಮ್ಮ


ಏಪ್ರಿಲ್ 9

ತಮ್ಮಾ,

ನಿನ್ನ ಕಾಗದ ಇವತ್ತು ಮಧ್ಯಾಹ್ನ ಬಂತು. ಫೋನು ಮಾಡಿದೆ, ನೀನು ಎತ್ತಲಿಲ್ಲ. ಇರಲಿ, ಕೇಳುವುದಕ್ಕೆ ಏನೂ ಉಳಿದಿಲ್ಲ.

ಸೋಮವಾರ ಬೆಳಿಗ್ಗೆ ಟ್ಯಾಂಕಿನಲ್ಲಿ ಬಸ್ಸು ಹೊರಡುವ ಮುಂಚೆ ಎಲ್ಲರಿಗೂ ನಿಜ ಹೇಳಿದೆ. ಪುಸ್ತಕದಲ್ಲಿರುವ ಸೊನ್ನೆ ಬರೆದವಳು ನಾನೇ ಅಂತ. ಬೈಯುತ್ತಾರೆ ಅಂದುಕೊಂಡಿದ್ದೆ. ಇಸ್ತ್ರಿ ಅಜ್ಜಿ ಎಲ್ಲರಿಗಿಂತ ಮೊದಲು ಪೂರ್ತಿ ದುಡ್ಡು ಎಣಿಸಿ ನನ್ನ ಅಂಗೈಯಲ್ಲಿಟ್ಟಳು. “ಟ್ಯಾಂಕಿಂದಲೇ ಕೊಡು, ನಾನು ಹತ್ತಿದ್ದು ಇಲ್ಲೇ,” ಅಂದಳು. ಎಲ್ಲರೂ ಹಾಗೆ ಕೊಡಲಿಲ್ಲ. ಇಬ್ಬರು ಹೆಂಗಸರು ಮುಖ ಊದಿಸಿಕೊಂಡು ಇಳಿದು ನಡೆದೇ ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಪಾಳಿ ಮುಗಿದ ಮೇಲೆ ಡಿಪೋದ ಮೇಜಿನ ಮೇಲಿದ್ದ ಆಕ್ಷೇಪಣೆ ಫಾರಂ ತೆಗೆದುಕೊಂಡೆ. ಹೆಸರು, ಬಿಲ್ಲೆ ನಂಬರು, ಹನ್ನೆರಡು ವರ್ಷ ಏನು ಮಾಡಿದೆ, ಎಲ್ಲ ಬರೆದು ಪೆಟ್ಟಿಗೆಗೆ ಹಾಕಿದೆ. ಎರಡನೇ ಪಾಳಿಯವನ ಹೆಸರು ಬರೆದಿಲ್ಲ, ನೀನೂ ಬರೆಯಬೇಡ. ಹಾಕಿದ ಮೇಲೆ ಅಲ್ಲೇ ಕುರ್ಚಿಯಲ್ಲಿ ಕೂತೆ. ನೀನು ಹೇಳಿದ ಹಾಗೆ ಕೊನೆಗೂ ಕೂತೆ ನೋಡು.

ನಿನ್ನ ಟಿಪ್ಪಣಿ ಕೊಡು.

ಅಕ್ಕ


ಜೂನ್ 18

ಅಕ್ಕಾ,

ಯೋಜನೆಗೆ ನಿನ್ನೆ ಒಪ್ಪಿಗೆ ಸಿಕ್ಕಿತು. ಪುಸ್ತಕ ಬೇರೆ ಅಂಚೆಯಲ್ಲಿ ಬರುತ್ತದೆ, ದಾರ ಕಟ್ಟಿಲ್ಲ. ಜನರ ಆಕ್ಷೇಪಣೆಗಳನ್ನೂ ಅವಕ್ಕೆ ಕಚೇರಿ ಕೊಟ್ಟ ಉತ್ತರಗಳನ್ನೂ ಕೊನೆಯಲ್ಲಿ ಅಚ್ಚು ಹಾಕಿದ್ದಾರೆ. ನಿನ್ನದು ಇನ್ನೂರ ಹನ್ನೆರಡನೆಯದು. ಅದರ ಕೆಳಗಿರುವ ಉತ್ತರ ಈ ಕೆಲಸದಲ್ಲಿ ನಾನು ಬರೆದ ಕೊನೆಯ ಸಾಲುಗಳು:

‘ಆಕ್ಷೇಪಣೆಯನ್ನು ಒಪ್ಪಲಾಗಿದೆ. ಸದರಿ ಸ್ಟಾಪಿನಲ್ಲಿ ಎಣಿಕೆ ಮಾಡಿಸದಿದ್ದುದು ಈ ಕಚೇರಿಯ ತಪ್ಪು. ಮೇ ತಿಂಗಳಲ್ಲಿ ಮೂರು ದಿನ ಎಣಿಸಲಾಗಿ, ದಿನಕ್ಕೆ ಸರಾಸರಿ 318 ಜನ ಹತ್ತಿರುತ್ತಾರೆ. ಮೂರನೆಯ ದಿನ ಮೊದಲ ಬಸ್ಸೊಂದಕ್ಕೇ 63. ಟ್ಯಾಂಕ್ ಏರುರಸ್ತೆಯ ತಡೆಗೋಡೆಯನ್ನು ಹಣ ನಿಗದಿಯಾದ ಪಟ್ಟಿಗೆ ಸೇರಿಸಲಾಗಿದೆ. ದರದ ಸ್ಟೇಜನ್ನು ಮರುಪರಿಶೀಲಿಸಲು ಸಾರಿಗೆ ಸಂಸ್ಥೆಗೆ ಶಿಫಾರಸು ಮಾಡಲಾಗಿದೆ.’

ಗೆರೆಯ ಮೇಲಿನ ಕಟ್ಟಕಡೆಯ ಸಾಲು ನಮ್ಮದು. ಅದು ಮೇಲೆ ಬಂದದ್ದಕ್ಕೆ ಇನ್ನೊಂದು ಕೆಳಗೆ ಹೋಯಿತು. ಹೆದ್ದಾರಿಯ ಆಚೆಯ ಶಾಲೆಗೆ ಆಗಬೇಕಿದ್ದ ಕಾಲುಸೇತುವೆ. ಅಲ್ಲಿಯ ಮಕ್ಕಳು ಇನ್ನು ಐದು ವರ್ಷ ರಸ್ತೆ ದಾಟಿಯೇ ಹೋಗಬೇಕು. ಅದನ್ನೂ ನಿನಗೆ ಹೇಳಬೇಕು ಅನ್ನಿಸಿತು. ಹೇಳಿಕೊಳ್ಳಲು ಇನ್ಯಾರಿದ್ದಾರೆ?

ನನ್ನನ್ನು ದಾಖಲೆ ವಿಭಾಗಕ್ಕೆ ಹಾಕಿದ್ದಾರೆ. ಎಣಿಕೆ ಬಿಟ್ಟದ್ದಕ್ಕಲ್ಲ, ಅಕ್ಕನ ವೇಬಿಲ್ ಎಂದು ಮೊದಲೇ ತಿಳಿಸದೆ ಇದ್ದದ್ದಕ್ಕೆ. ನ್ಯಾಯವೇ. ನಿನ್ನ ವಿಚಾರಣೆ ಏನಾಯಿತು? ನೀನು ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ತಮ್ಮ


ಜೂನ್ 27

ತಮ್ಮಾ,

ಪಿಂಚಣಿಗೆ ಕೈ ಹಾಕಲಿಲ್ಲ. ಛೀಮಾರಿ ಹಾಕಿ ಕಾಗದ ಕೊಟ್ಟರು, ಒಂದು ವಾರ್ಷಿಕ ಬಡ್ತಿಯ ಹಣ ಹಿಡಿದರು, ಬಸ್ಸಿನಿಂದ ಇಳಿಸಿದರು. ಅಕ್ಟೋಬರಿನವರೆಗೆ ಡಿಪೋದಲ್ಲಿ, ಪ್ರಯಾಣಿಕರು ಮರೆತು ಹೋದ ಸಾಮಾನು ಕಾಯುವ ಕೆಲಸ. ಎದುರಿಗೆ ಹದಿನೆಂಟು ಛತ್ರಿ, ಒಂದು ಜೊತೆ ಹಲ್ಲುಸೆಟ್ಟು. ಹಲ್ಲು ಮರೆತು ಹೋದವರು ಊಟಕ್ಕೆ ಕೂತಾಗಲಾದರೂ ನೆನಪಿಸಿಕೊಳ್ಳಬೇಡವಾ? ಬೆಳಿಗ್ಗೆ ಐದೂ ಹತ್ತಕ್ಕೆ ಈಗಲೂ ಎಚ್ಚರವಾಗುತ್ತದೆ, ಎದ್ದು ಕೂತು ಅಳುತ್ತೇನೆ. ನಿನ್ನಲ್ಲಿ ಮುಚ್ಚಿಡುವುದೇನು.

ಆ ಶಾಲೆಯ ಮಕ್ಕಳ ವಿಷಯ ಓದಿ ಮನಸ್ಸಿಗೆ ಕಷ್ಟವಾಯಿತು. ಐದು ವರ್ಷದ ನಂತರ ಮತ್ತೆ ಚುಕ್ಕೆ ಕೊಡುತ್ತಾರಲ್ಲ, ಆಗ ಆ ಸೇತುವೆಗೆ ಅಂಟಿಸಲು ನಾನು ಹೋಗುತ್ತೇನೆ. ಬುಧವಾರ ಹನ್ನೊಂದು ಗಂಟೆಗೂ ಅಡ್ಡಿಯಿಲ್ಲ, ಬಿಡುವಾಗಿರುತ್ತೇನೆ.

ಪುಸ್ತಕ ಬಂತು. ನಿನ್ನ ಉತ್ತರ ನಾಲ್ಕು ಸಲ ಓದಿದೆ. ಇನ್ನೂ ‘ಎಣಿಸಲಾಗಿ’, ‘ಸೇರಿಸಲಾಗಿದೆ’ ಅಂತಲೇ ಬರೆಯುತ್ತೀಯ. ಮೂರನೇ ದಿನ ಎಣಿಸಿದವರು ಯಾರು ಅಂತ ನನಗೆ ಗೊತ್ತಿಲ್ಲವಾ? ಒಂಬತ್ತು ವರ್ಷದ ಮೇಲೆ ಬಂದವನು ಮನೆಗೆ ಬರದೆ, ಒಂದು ಮಾತೂ ತಿಳಿಸದೆ, ಟ್ಯಾಂಕಿನ ಕಂಬದ ಕೆಳಗೆ ಹಲಗೆ ಹಿಡಿದು ನಿಂತಿದ್ದೆ. ನಿನ್ನ ತಲೆ ನರೆತಿದೆ. ನಾನು ಬಾಗಿಲಲ್ಲಿ ನಿಂತು ನೋಡಿದರೂ ನೀನು ಅಕ್ಕ ಅನ್ನಲಿಲ್ಲ, ಕೆಲಸದಲ್ಲಿದ್ದೆ. ನಾನೂ ಕೆಲಸದಲ್ಲಿದ್ದೆ. ಎಲ್ಲರನ್ನೂ ಗೀಟು ಹಾಕಿ ಎಣಿಸಿ, ಕೊನೆಗೆ ನೀನೂ ಹತ್ತಿದೆ.

ನಾನು ಕೇಳಿದೆ, “ಎಲ್ಲಿಂದ?”

ನೀನು ಹೇಳಿದೆ, “ಟ್ಯಾಂಕಿಂದ.”

ಪೂರ್ತಿ ದುಡ್ಡು ಇಸಿದುಕೊಂಡು ಟಿಕೆಟ್ ಹರಿದು ಕೊಟ್ಟೆ.

ಅದಕ್ಕೇ ಹೇಳುತ್ತಿದ್ದೇನೆ, ನಿನ್ನ ಪುಸ್ತಕದಲ್ಲಿ ಇನ್ನೊಂದು ತಪ್ಪಿದೆ. ಆ ದಿನ ಮೊದಲ ಬಸ್ಸಿಗೆ ನೀನು ಅರವತ್ತಮೂರು ಅಂತ ಬರೆದಿದ್ದೀಯ. ನನ್ನ ವೇಬಿಲ್ ತೆಗೆಸಿ ನೋಡು, ಟ್ಯಾಂಕಿನ ಸಾಲಿನಲ್ಲಿ ಅರವತ್ತನಾಲ್ಕು ಇದೆ. ನೀನು ನಿನ್ನನ್ನು ಎಣಿಸಲಿಲ್ಲ. ನಾನು ಎಣಿಸಿದ್ದೇನೆ.

ನಿನ್ನ ಅಕ್ಕ